ಗೀರು ಬೀಳಿಸದ ಇಕ್ಕಳ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಇಂದು ನಿವೃತ್ತರಾಗುತ್ತಿರುವ ಜೀವಶಾಸ್ತ್ರದ ಶಿಕ್ಷಕಿ ಮಹಾಲಕ್ಷ್ಮೀಯವರೇ, ಹೊಸನಗರದ ಸಭಿಕರೇ,

ಮೊದಲಿಗೆ ಕ್ಷಮಾಯಾಚನೆ. ಆಹ್ವಾನದ ಪತ್ರದಲ್ಲಿ ಈ ಬೀಳ್ಕೊಡುಗೆ ಭಾನುವಾರವೆಂದು ಬರೆದಿದ್ದೆ. ಶನಿವಾರವೆಂದು ವಿಚಾರಿಸಿ ತಿಳಿದು ಬಂದ ನಿಮಗೆ ವಂದನೆಗಳು. ನಾಳೆ ಬರುವವರಿಗೆ ಉಪ್ಪಿಟ್ಟು ಉಳಿದಿರುವುದಿಲ್ಲ.

ಮಹಾಲಕ್ಷ್ಮೀಯವರು ಸಾಗರದ ತಂಗಿಯ ಮನೆಗೆ ಹೋಗಿ ನೆಲೆಸುವರೋ, ಇಲ್ಲಿಯೇ ಉಳಿಯುವರೋ ಇನ್ನೂ ತೀರ್ಮಾನವಾಗಿಲ್ಲ. ಎಂದೋ ನಿವೃತ್ತನಾದ ಈ ಭೌತಶಾಸ್ತ್ರದ ಮೇಷ್ಟರಿಗೆ ಅದರ ಕಾತರವೇಕೆ ಎನ್ನುವಿರಾ? ಹೇಳುತ್ತೇನೆ.

ಕಳೆದ ಮಳೆಗಾಲದ ತೇವಕ್ಕೆ ಶಾಲೆಯ ಸೂಕ್ಷ್ಮದರ್ಶಕದ ಮಸೂರಕ್ಕೆ ಬೂಷ್ಟು ಹಿಡಿಯಿತು. ಮಸೂರವನ್ನು ಬಿಚ್ಚೋಣವೆಂದರೆ ಅದರ ಹಿತ್ತಾಳೆಯ ಬಳೆ ಬಿಗಿದುಕೊಂಡಿತ್ತು. ಪರಿಚಾರಕ ಧರ್ಮಪ್ಪ ದೊಡ್ಡ ಇಕ್ಕಳವನ್ನು ಹಿಡಿದು ಬಂದ. "ಒಂದೇ ತಿರುವು ಕೊಡ್ತೀನಿ ಟೀಚರ್, ಬಂದ್ಬಿಡ್ತದೆ."

"ಅದೇನು ನಲ್ಲಿನಾ ಧರ್ಮಪ್ಪ? ಮುಟ್ಟಿದ್ರೆ ನೋಡು!"

ಅಂದೇ ಮಹಾಲಕ್ಷ್ಮೀಯವರು ಗೀರು ಬೀಳಿಸದ ಇಕ್ಕಳ ಹುಡುಕಲು ನನ್ನನ್ನು ಕರೆದುಕೊಂಡು ಸಾಗರದ ಹಾರ್ಡ್‌ವೇರ್ ಅಂಗಡಿಗೆ ಹೋದರು. ಹಲ್ಲಿರುವ ಇಕ್ಕಳ ಹಿತ್ತಾಳೆಯನ್ನು ಕಚ್ಚುತ್ತದೆ. ಬಟ್ಟೆ ಸುತ್ತಿದರೆ ಜಾರುತ್ತದೆ. ಜಾರಿತೆಂದು ಅದುಮಿದರೆ ಬಟ್ಟೆಯನ್ನೂ ದಾಟಿ ಕಚ್ಚುತ್ತದೆ. ಹಾಗಾದರೆ ಪರೀಕ್ಷಿಸುವುದು ಹೇಗೆ? ಚಿನ್ನ ಹಿತ್ತಾಳೆಗಿಂತ ಮೃದು. ಚಿನ್ನಕ್ಕೆ ಗೀರು ಬೀಳದಿದ್ದರೆ ಹಿತ್ತಾಳೆಗೂ ಬೀಳದು. ಅವರು ತಮ್ಮ ಕೈಯ ಚಿನ್ನದ ಬಳೆ ತೆಗೆಯಲು ಹೊರಟರು. ನಾನು ತಡೆದು, ನನ್ನಾಕೆ ತೀರಿಕೊಂಡ ಮೇಲೂ ತೆಗೆಯದಿದ್ದ ಮದುವೆಯ ಉಂಗುರವನ್ನು ಸೋಪು ಹಚ್ಚಿ ಕಳಚಿಕೊಟ್ಟೆ. ಏಕೆ ಕೊಟ್ಟೆನೆಂದು ಈಗಲೂ ಯೋಚಿಸುತ್ತಿದ್ದೇನೆ.

"ಇಕ್ಕಳದಲ್ಲಿ ಉಂಗುರ ಗಟ್ಟಿಯಾಗಿ ಹಿಡ್ಕೊಳ್ಳಿ ಮೇಷ್ಟ್ರೇ, ನಾನು ಎಳೀತೀನಿ."

ಅಂಗಡಿಯ ಕನ್ನಪ್ಪ ಕೈಮುಗಿದ. "ಅಮ್ಮಾ, ಹಿಂಗೆ ಎಳೆದಾಡಕ್ಕೆ ಇದೇನು ಒಡವೆ ಅಂಗಡಿನಾ? ಗಿರಾಕಿಗಳೆಲ್ಲ ನಿಂತು ನೋಡ್ತಾ ಇದಾರೆ!"

ಕೊನೆಗೆ ಗೆದ್ದದ್ದು ನೈಲಾನಿನ ಅಂಚುಳ್ಳ, ಎರಡು ದವಡೆಗಳೂ ಸಮಾನಾಂತರವಾಗಿ ಕೂಡುವ ಇಕ್ಕಳ. ಹಿಡಿದದ್ದನ್ನು ಬಿಡಲಿಲ್ಲ, ಗೀರೂ ಬೀಳಿಸಲಿಲ್ಲ. ಮರುದಿನ ಸೂಕ್ಷ್ಮದರ್ಶಕದ ಬಳೆ ಸದ್ದಿಲ್ಲದೆ ತಿರುಗಿತು. ಈರುಳ್ಳಿಯ ಜೀವಕೋಶವನ್ನು ಕಂಡ ಮಕ್ಕಳು ಮಾಡಿದ ಗದ್ದಲ ಮಾತ್ರ ಮುಖ್ಯೋಪಾಧ್ಯಾಯರ ಕೋಣೆಗೂ ಕೇಳಿಸಿತು.

ಸಾಗರದಿಂದ ಹಿಂದಿರುಗುವಾಗ ಬಸ್ಸಿನಲ್ಲಿ ಕೇಳಿದ್ದೆ: ಸುತ್ತಲಿನ ಶಾಲೆಗಳ ಉಪಕರಣಗಳನ್ನು ನಿವೃತ್ತಿಯ ಬಳಿಕ ಇಬ್ಬರೂ ಸೇರಿ ದುರಸ್ತಿ ಮಾಡೋಣವೇ? "ತಂಗಿ ಬಾ ಅಂತಾಳೆ ಮೇಷ್ಟ್ರೇ, ನೋಡೋಣ" ಎಂದರು. 'ನೋಡೋಣ' ಎಂದರೆ ಏನು? ಒಪ್ಪಿಗೆಯೇ? ನಯವಾದ ನಿರಾಕರಣೆಯೇ? ಅದೇ ಯೋಚನೆಯಲ್ಲಿ ನನ್ನ ನಿಲ್ದಾಣವನ್ನು ದಾಟಿಹೋದೆ. ಇದು ವಿಷಯಾಂತರ, ಮನ್ನಿಸಬೇಕು.

ಮಹಾಲಕ್ಷ್ಮೀಯವರೇ, ಸಭೆಯ ಎದುರಿನಲ್ಲಿಯೇ ಕೇಳುತ್ತಿದ್ದೇನೆ. ಬರುವಿರಾ?

ಸಭಿಕರೇ, ಅವರು ಹೌದೆಂದು ತಲೆಯಾಡಿಸಿದ್ದಾರೆ! ಹಿಂದಿನ ಸಾಲಿನವರೂ ಕಂಡಿರಷ್ಟೆ? ಏನೆಂದಿರಿ? ಗುರುವಾರ ಮಾತ್ರ ತಂಗಿಯ ಮನೆಯೇ? ಆಗಲಿ, ಆಗಲಿ. ನಾನೊಬ್ಬನೇ ಬರುವೆನೆಂದು ಶಾಲೆಗಳಿಗೆ ತಿಳಿಸಿದ್ದ ಗುರುವಾರಗಳನ್ನೆಲ್ಲ ಈಗಲೇ ಶುಕ್ರವಾರಕ್ಕೆ ತಿದ್ದಿಕೊಳ್ಳಿ:

ಬ್ಯಾಕೋಡು: ಜೂನ್ ಹನ್ನೆರಡಲ್ಲ, ಹದಿಮೂರು.
ಮಂಡಗದ್ದೆ: ಹತ್ತೊಂಬತ್ತಲ್ಲ, ಇಪ್ಪತ್ತು.
ತೀರ್ಥಹಳ್ಳಿ: ಇಪ್ಪತ್ತಾರಲ್ಲ, ಇಪ್ಪತ್ತೇಳು. ಇಬ್ಬರೂ ಬರುತ್ತೇವೆ.

ತಾಳ್ಮೆಯಿಂದ ಆಲಿಸಿದ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.