ಮೂರು ಗಂಟೆಯ ವಿಮಾನ

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕತಂಗಿಯರಿಬ್ಬರು ಕೂತಿದ್ದರು. ಅಕ್ಕನ ಗಂಡ ಒಳಗಿದ್ದರು. ತಂಗಿಯೇ ಮಾತು ತೆಗೆದಳು.

“ಅಲ್ಲ ಅಕ್ಕ, ಜೀವಮಾನವೆಲ್ಲ ಬಸ್ ಓಡಿಸಿದ ಭಾವ, ಬೇರೆಯವರು ಓಡಿಸೋ ಗಾಡೀಲಿ ಕೂರೋದೇ ಇಲ್ಲ. ಅವರಣ್ಣ ಇರೋ ದೇಶಕ್ಕೆ ವಿಮಾನದಲ್ಲಿ ಹೋಗೋಕೆ ಹೇಗೆ ಒಪ್ಪಿದ್ರು?”

“ಮೂರೇ ಗಂಟೆ ತಾನೆ, ಕಣ್ಮುಚ್ಚಿ ಕೂತಿರ್ತೀನಿ ಅಂದ್ರು.”

“ಮೂರಾ! ಹನ್ನೆರಡು ಸಾವಿರ ಕಿಲೋಮೀಟರ್ ಇದೆ!”

“ಟಿಕೆಟ್ ನೋಡಿ ಅವರೇ ಲೆಕ್ಕ ಹಾಕಿದ್ರು. ಬೆಳಿಗ್ಗೆ ಹತ್ತಕ್ಕೆ ಬಿಟ್ಟು ಮಧ್ಯಾಹ್ನ ಒಂದಕ್ಕೆ ಸೇರುತ್ತಂತೆ.”

“ಅಯ್ಯೋ, ಆ ಮಧ್ಯಾಹ್ನ ಒಂದು ಅನ್ನೋದು ಅಲ್ಲಿಯ ಗಡಿಯಾರದ್ದು. ಅಲ್ಲಿ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ. ಒಟ್ಟು ಹದಿನಾಲ್ಕೂವರೆ ಗಂಟೆ ಹಾರಬೇಕು!”

“ಮೆಲ್ಲಗೆ! ನಂಗೊತ್ತಿಲ್ವಾ? ಅವರಣ್ಣನ ಮುಖ ನೋಡಿ ಇಪ್ಪತ್ತು ವರ್ಷ ಆಯ್ತು. ನೀನು ಬಾಯಿ ಬಿಟ್ಯೋ, ಟಿಕೆಟ್ ಹರಿದೇ ಹಾಕ್ತಾರೆ.”

“ಹಾರಿದ್ಮೇಲೆ ಗೊತ್ತಾದ್ರೆ?”

“ಗೊತ್ತಾಗ್ಲಿ. ಆಗ ಇಳಿದು ಎಲ್ಲಿಗೆ ಹೋಗ್ತಾರೆ?”

ಬಾಗಿಲು ತೆರೆಯಿತು. ಭಾವ ಕೆನ್ನೆ ಸವರಿಕೊಳ್ಳುತ್ತ ಬಂದರು.

“ಹೊಸ ಹಲ್ಲು ಗಟ್ಟಿಯಾಗಿ ಕೂತಿದೆ. ವಿಮಾನದಲ್ಲಿ ತಿನ್ನೋಕೆ ಏನಾದ್ರೂ ಕೊಡ್ತಾರೇನಮ್ಮ?”

“ಎರಡು ಸಲ ಊಟ, ನಡುವೆ ತಿಂಡಿ, ಎಲ್ಲ ಕೊಡ್ತಾರೆ ಭಾವ,” ಎಂದುಬಿಟ್ಟ ತಂಗಿ ತಟ್ಟನೆ ನಾಲಿಗೆ ಕಚ್ಚಿಕೊಂಡಳು.

ಭಾವ ಇನ್ನೇನಾದರೂ ಕೇಳುವ ಮೊದಲೇ ಅಕ್ಕ ಗಂಡನ ತೋಳು ಹಿಡಿದು ಹೊರಗೆ ನಡೆದಳು. ಮೆಟ್ಟಿಲ ಮೇಲಿನಿಂದ ಭಾವನ ದನಿ ಕೇಳಿಸಿತು.

“ಮೂರು ಗಂಟೇಲಿ ಎರಡೂಟಾನಾ! ಇದನ್ನ ಮೊದಲೇ ಹೇಳಿದ್ರೆ ಅಣ್ಣನ್ನ ಯಾವತ್ತೋ ನೋಡ್ಕೊಂಡು ಬರ್ತಿದ್ನಲ್ಲೇ!”