ತುಂಬೀಯೇನಲೇ, ಗುರುಬಸೂ?

ಆವತ್ತು ಗುರುಬಸವ ಹೊಲದಿಂದ ಮನಿ ಕಡೆ ಹೊಂಟಾಗ ರಾತ್ರಿ ಹತ್ತೂವರಿ ದಾಟಿತ್ತು. ಹೆಗಲಿಗೆ ಬಂದೂಕ, ಕೈಯಾಗ ಮೊಬೈಲಿನ ಬೆಳಕು. ಮುಂದ ಬಾವಿ... ಬಾವಿ ದಾಟಿದ್ರ ಹೊಸ ಲೇಔಟಿನ ದೀಪ ಕಾಣ್ತಾವು. ಅಷ್ಟ ದೂರ. ಆ ಅಷ್ಟ ದೂರದಾಗ ಆಗಿದ್ದಿದು.

ಗುರುಬಸವ ಅಂದ್ರ ನಮ್ಮ ಗೋಪನಕೊಪ್ಪದಾಂವ, ನಮ್ಮ ಮನಿಯಿಂದ ಮೂರನೇ ಬಾಗಲಾ. ಸುಳ್ಳು ಹೇಳೂ ಮನಷ್ಯಾ ಅಲ್ಲ ಅಂತ ನಾವೆಲ್ಲಾ ತಿಳಕೊಂಡಿದ್ವಿ.

ತಾರಿಹಾಳದ ಒಂದು ಕಾರ್ಖಾನ್ಯಾಗ ಮೂವತ್ತು ವರ್ಷ ಲೇಥ್ ಮಷೀನಿನ ಮುಂದ ನಿಂತಾಂವ. ಕೆಲಸ ಬಿಟ್ಟು ಮನ್ಯಾಗ ಕುಂತ ಮ್ಯಾಲೆ ಕೈಗೆ ಸಮಾಧಾನ ಇಲ್ದಂಗಾತು. ರಾತ್ರಿ ಏಳಾಂವ, ನೀರು ಕುಡಿಯಾಂವ, ಅಂಗಳಕ್ಕ ಹೋಗಾಂವ, ತಿರುಗಿ ಬರಾಂವ. ಅಷ್ಟೊತ್ತಿಗೆ ಹೊಲದಾಗ ಮೆಕ್ಕಿಜ್ವಾಳ ತೆನಿ ಹಿಡಿದಿತ್ತು, ಕಾಡಹಂದಿ ನುಗ್ಗಾಕ ಹತ್ತಿದ್ವು. ನೆವ ಸಿಕ್ತು. ಅಟ್ಟದ ಮ್ಯಾಲಿನ ಬಂದೂಕ ಇಳಿಸಿದ. ಅಪ್ಪನ ಕಾಲದ್ದು, ಲೈಸೆನ್ಸ್ ಇದ್ದದ್ದು, ನಳಗಿ ಬಾಯಿಂದ ತುಂಬೂವಂಥದ್ದು. ನಳಗ್ಯಾಗ ಮದ್ದು ಸುರೀಬೇಕು, ಮ್ಯಾಲೆ ತೆಂಗಿನ ನಾರು ತುರುಕಬೇಕು, ಕಬ್ಬಿಣದ ಗಜದಿಂದ ಜಡೀಬೇಕು. ಆಮ್ಯಾಲೆ ಕಿಡಿ ಹಾರಿಸೂ ಕೇಪು ಇಟ್ಟು, ಅದಕ್ಕ ಬಡಿಯೂ ಕುದರಿ ಏರಿಸಿ, ಬೆರಳು ಒತ್ತಿದ್ರ ಆತು.

ಹೆಂಡ್ತಿ ದಾಕ್ಷಾಯಿಣಿ ಬಾಗಲದಾಗ ನಿಂತು ನೋಡಿದ್ಲು.

"ಹದಿನೆಂಟು ವರ್ಷ ಮುಟ್ಟಲಿಲ್ಲ. ಈಗ್ಯಾಕ್ರೀ?"

"ಹಂದಿ ಓಡಸಾಕ. ಬರೇ ಸಪ್ಪಳಾ. ಗುಂಡು ಹಾಕಂಗಿಲ್ಲ."

"ನಿಮ್ಮ ಕೈ ನಡಗಾಕತ್ತಾವು."

"ಎಣ್ಣಿ ಹತ್ತೇತಿ. ಜಾರ್ತಾವು."

ಹದಿನೆಂಟು ವರ್ಷದ ಹಿಂದ ಗುರುಬಸವ, ದುರಗಪ್ಪ ಇಬ್ಬರೂ ಜೋಡಿ. ರವಿವಾರ ಬಂದ್ರ ಸಾಕು, ಬೇವಿನ ಗಿಡಕ್ಕ ಒಡದ ಗಡಿಗಿ ಕಟ್ಟಿ ಗುರಿ ಹೊಡೀತಿದ್ರು. ಗುರುಬಸವ ನಾರು ತುರುಕಾಂವ, ದುರಗಪ್ಪ ಕಾಗದ ಬಾಯಾಗ ಅಗದು ತುರುಕಾಂವ. ಅಂಥಾ ಒಂದು ರವಿವಾರ ದುರಗಪ್ಪನ ಬಂದೂಕ ಅವನ ಕೈಯಾಗನ ಸೀಳಿ ಮಾರಿ ಮ್ಯಾಲೆ ಬಂತು. ಐದನೇ ದಿನ ದವಾಖಾನ್ಯಾಗ ತೀರಕೊಂಡ. ತುಂಬಿದ ಬಂದೂಕನ್ನ ಮತ್ತ ತುಂಬ್ಯಾನ, ಮೈಮ್ಯಾಲೆ ಎಚ್ಚರ ಇರಲಿಲ್ಲ ಅಂತ ಗುರುಬಸವ ಹೇಳಿದ. ಮಂದಿ ನಂಬಿದ್ರು. ಆವತ್ತ ತನ್ನ ಬಂದೂಕ ಅಟ್ಟಕ್ಕ ಏರಿಸಿದಾಂವ, ಮತ್ತ ಇಳಿಸಿದ್ದು ಹೋದ ವರ್ಷ.

ಆ ರಾತ್ರಿ ಹೊಲದಾಗ ಎರಡ ಸಲ ಹಾರಿಸಿದ. ಕೈ ಏನೂ ಮರೆತಿರಲಿಲ್ಲ. ಕುದರಿ ಟಕ್ ಅಂತು, ಧಡ್ ಅಂತ ಸಪ್ಪಳಾತು, ಕಮರು ಹೊಗಿ ಮೂಗಿಗೆ ಬಡೀತು. ಹಂದಿ ದಡದಡ ಓಡಿದ್ವು. ಎಷ್ಟೋ ವರ್ಷದ ಮ್ಯಾಲೆ ಅಂವಗ ನಗು ಬಂತು. ಮೂರನೇ ಸಲ ಮದ್ದು, ನಾರು ಜಡಿದಿಟ್ಕೊಂಡ. ಹಂದಿ ಬರಲಿಲ್ಲ. ಕೇಪು ಕಿಸೆದಾಗ ಇಟ್ಕೊಂಡು ಹಂಗ ಹೊಂಟ.

ಬಾವಿಗೆ ಬಂದ. ಪಂಪಿನ ಸ್ವಿಚ್ ನೋಡಬೇಕಂತ ಬಂದೂಕನ್ನ ಬಾವಿ ಕಟ್ಟಿಗೆ ಆನಿಸಿ, ಡಬ್ಬಿ ಕಡೆ ನಾಕ ಹೆಜ್ಜಿ ಹೋದ.

ಹಿಂದ... ಸುರ್ರ್ ಅಂತು.

ಉಸುಕು ಸುರಿದಂಗ. ಗುರುಬಸವ ನಿಂತ. ದೂರ ಬೈಪಾಸಿನ್ಯಾಗ ಲಾರಿ ಹೋತು. ಆಮ್ಯಾಲೆ ಮತ್ತ... ಕಿರ್ರ್. ಕಬ್ಬಿಣದ ಮ್ಯಾಲೆ ಕಬ್ಬಿಣ ಜಾರಿದ ಸಪ್ಪಳ. ಧಬ್... ಧಬ್... ಧಬ್.

ಬಂದೂಕ ತುಂಬೂ ಮಂದಿಗೆ ಈ ಸಪ್ಪಳ ಗೊತ್ತ ಇರ್ತೈತಿ. ಖಾಲಿ ನಳಗ್ಯಾಗ ಗಜ ಬಿಟ್ರ ಠಣ್ ಅಂತೈತಿ. ತುಂಬಿದ್ದರೊಳಗ ಬಿಟ್ರ ಧಬ್ ಅಂತೈತಿ.

ಗಕ್ಕನ ಹೊಳ್ಳಿ ನೋಡಿದ. ಯಾರೂ ಇಲ್ಲ. ಬಂದೂಕ ಇಟ್ಟಲ್ಲೇ ಇತ್ತು, ಗಜಾನೂ ಅದರ ಜಾಗಾದಾಗ ಇತ್ತು. ಹುಳಾ ಒದರೂದು ಮಾತ್ರ ನಿಂತಿತ್ತು.

ಲಗೂನ ಬಂದೂಕ ಎತ್ಕೊಂಡ. ಅಷ್ಟರಾಗ ಮೆಕ್ಕಿಜ್ವಾಳದಾಗ ಗುರ್ರ್... ದೊಡ್ಡ ಹಂದಿ. ಹತ್ತ ಮಾರಿನ ಮ್ಯಾಗ. ಕಪ್ಪನ ಬೆನ್ನು ಕಾಣಿಸ್ತು. ಕೇಪು ಇಟ್ಟ. ಕುದರಿ ಏರಿಸಿದ. ಕಟಕ್. ಬಂದೂಕ ಗಲ್ಲಕ್ಕ ಹಚ್ಚಿದ.

ಕಿವಿ ಹಂತ್ಯಾಕ, ಭಾಳ ಸಣ್ಣಗ, ಯಾರೋ ಕೇಳಿದ್ರು.

"ತುಂಬೀಯೇನಲೇ, ಗುರುಬಸೂ?"

ಬೆರಳು ಅಲ್ಲೇ ನಿಂತು ಹೋತು. ಗುರುಬಸೂ ಅಂತ ಕರೀತಿದ್ದಾಂವ ಒಬ್ಬನ. ಆ ರವಿವಾರಾನೂ ಹಿಂಗ ಕೇಳಿದ್ದ... ಇದ ಮಾತು, ಇದ ಧ್ವನಿ. ಗುರುಬಸವ ಆವಾಗಲೇ ದುರಗಪ್ಪನ ಬಂದೂಕ ತುಂಬಿ ಇಟ್ಟಿದ್ದ. ಆದ್ರ ಮಾತಿನ ಲಹರ್ಯಾಗ, ನೆನಪ ಇಲ್ದ, "ಇಲ್ಲ" ಅಂದುಬಿಟ್ಟಿದ್ದ. ದುರಗಪ್ಪ ಅದರ ಮ್ಯಾಲೆ ಮತ್ತ ತುಂಬಿದ್ದ.

ಹಂದಿ ಮತ್ತ ಗುರ್ರ್ ಅಂತು.

"ತುಂಬೀಯೇನಲೇ?"

"ಹೂಂ..." ಬಂದೂಕ ಗಲ್ಲದಿಂದ ಇಳಿಸಿದ. "ತುಂಬೇನಿ. ಅವತ್ತೂ ತುಂಬಿದ್ದೆ ದುರಗ್ಯಾ. ಸುಳ್ಳು ಹೇಳಿದೆ... ಎಲ್ಲಾರಿಗೂ ಸುಳ್ಳು ಹೇಳಿದೆ."

ಬಾವ್ಯಾಗ ಒಮ್ಮೆ ಯಾರೋ ನಿಟ್ಟುಸಿರು ಬಿಟ್ಟಂಗಾತು. ಹುಳಾ ಮತ್ತ ಒದರಾಕ ಹತ್ತಿದ್ವು.

ಗುರುಬಸವ ಕುದರಿ ಇಳಿಸಿದ, ಕೇಪು ತಗದ. ಗಜ ಜಗ್ಗಿ ನಳಗಿಗೆ ಇಳಿಬಿಟ್ಟ. ಧಬ್. ಒಂದ ಸಲ ತುಂಬಿದ್ರ ಗಜ ನಾಕ ಬೆರಳು ಹೊರಗ ನಿಲ್ಲಬೇಕು. ಎಂಟ ಬೆರಳು ನಿಂತಿತ್ತು.

ನಸುಕಿನ್ಯಾಗ ದುರಗಪ್ಪನ ಹೆಂಡ್ತಿ ಹುಲಿಗೆವ್ವನ ಬಾಗಲಕ್ಕ ಹೋಗಿ ಕುಂತ. ಎಲ್ಲಾ ಹೇಳಿದ. ಆಕಿ ಕಸಬರಗಿ ಕೆಳಗಿಡಲಿಲ್ಲ.

"ನಂಗ ಗೊತ್ತೈತಿ. ದವಾಖಾನ್ಯಾಗ ನಮ್ಮ ಮನಿಯವ್ರ ಹೇಳಿದ್ರು. 'ಆಂವ ಬಂದು ತಾನ ಹೇಳ್ತಾನ, ನೀ ಕೇಳಬ್ಯಾಡ' ಅಂದ್ರು. ಹದಿನೆಂಟು ವರ್ಷ ದಾರಿ ನೋಡೇನಿ."

ಗುರುಬಸವಗ ತಲಿ ಎತ್ತಾಕ ಆಗಲಿಲ್ಲ. "ಹುಲಿಗೆವ್ವಾ... ಆಂವ ನನ್ನ ಉಳಸಾಕ ಬಂದಿದ್ನೋ, ಕೊಲ್ಲಾಕ ಬಂದಿದ್ನೋ?"

"ಅದನ್ನ ಅವ್ರನ್ನ ಕೇಳಬೇಕಿತ್ತು ನೀ." ಆಕಿ ಕಸಾ ಹೊಡಿಯಾಕ ಹತ್ತಿದ್ಲು. "ಈಗ ಹೋಗು. ನನಗ ಹೇಳಿದ್ದನ್ನ ಮಂದಿ ಮುಂದ ಹೇಳು. ಎಚ್ಚರಗೇಡಿ ಅನಿಸ್ಕೊಂಡ ಸತ್ತಾರ ನನ್ನ ಗಂಡ."

ಅವತ್ತ ಸಂಜೀಕ ಗುಡಿ ಕಟ್ಟಿ ಮ್ಯಾಲೆ, ನಮ್ಮೆಲ್ಲರ ಮುಂದ ಹೇಳಿದ. ಹುಲಿಗೆವ್ವ ಹಿಂದ ನಿಂತು ಕಡೀತನಕಾ ಕೇಳಿ, ಸೆರಗು ಹೊತ್ಕೊಂಡು ಮನಿಗೆ ಹೋದ್ಲು.

ಮೂರು ದಿನಾ ಬಿಟ್ಟು ಬಂದೂಕನ್ನ ರಿಪೇರಿ ಮಾಡೂ ಇಸ್ತಿಯಾಕನ ಕಡೆ ಒಯ್ದ. ಇಸ್ತಿಯಾಕ ಮದ್ದು ತೋಯಸಾಕ ನೀರು ಹಾಕಲಿಲ್ಲ, ಗಜದ ತುದಿಗೆ ತಿರುಪು ಹಚ್ಚಿ ಹಗೂರಕ ಜಗ್ಗಿದ. ತಳದಾಗ ಗುರುಬಸವ ಹಾಕಿದ್ದ ಮದ್ದು ಇತ್ತು, ನಾರು ಇತ್ತು. ಅದರ ಮ್ಯಾಲೆ ಇನ್ನೊಂದು ಪಾಲು ಮದ್ದು, ಸೀಸದ್ದೊಂದು ಗುಂಡು. ಎರಡೂ ಮದ್ದು ಕಟಕಟಿ ಒಣಗಿದ್ವು. ಎಲ್ಲಾಕ್ಕಿಂತ ಮ್ಯಾಲೆ, ಗುಂಡು ಜಾರಬಾರದಂತ ತುರುಕಿದ್ದು... ಕಾಗದದ ಉಂಡಿ. ಬಾಯಾಗ ಅಗದದ್ದು. ಹಸಿ ಇತ್ತು.

ಖರೇನ ಹೇಳ್ತೇನ್ರಿ, ನಂಬೂದು ಬಿಡೂದು ನಿಮಗ ಬಿಟ್ಟಿದ್ದು. ಇಸ್ತಿಯಾಕ ಅದನ್ನ ಅಂಗಡ್ಯಾಗ ಒಂದು ಡಬ್ಬಿ ಮುಚ್ಚಳದಾಗ ಇಟ್ಟಾನ. ಒಂದು ಬ್ಯಾಸಗಿ ದಾಟೇತಿ. ಮೊನ್ನೆ ಹೋಗಿ ನಾನ ಬೆರಳು ಇಟ್ಟು ನೋಡಿ ಬಂದೇನಿ.

ಇನ್ನೂ ಹಸಿ ಐತಿ.