ನಲವತ್ತೇಳನೇ ನಂಬರಿನ ಸೀಲು

ಅಮೆರಿಕದ ಓಹಿಯೋದಲ್ಲಿ, ಬ್ರೇಕ್ ಪೈಪು ಮಾಡುವ ಕಾರ್ಖಾನೆಯ ಊರೊಂದರಲ್ಲಿ ಬೆಳಗಿನ ಬಸ್ಸಿಗೆ ಕಾಯುತ್ತಿದ್ದ ಐಲೀನ್‌ಳ ಮುಂದೆಯೇ ಇಬ್ಬರು ಮಾತಾಡುತ್ತಿದ್ದರು. ಕೆಲಸ ಕಳೆದುಕೊಂಡ ವರ್ನಾ, ಅವಳ ಕೈಕೆಳಗೆ ಪಳಗಿದ ಡುವೇನ್. ಕಿವಿ ಮುಚ್ಚಿಕೊಳ್ಳುವಷ್ಟು ಸಭ್ಯತೆ ಐಲೀನ್‌ಳಿಗೆ ಇರಲಿಲ್ಲ.

"ದೂರಿನ ಪೆಟ್ಟಿಗೆಗೆ ಹೆಸರು ಹಾಕ್ದೆ ಬರೆದ್ರಲ್ಲ. ನೀವೇ ಅಂತ ಮ್ಯಾನೇಜರಿಗೆ ಹೆಂಗೆ ಗೊತ್ತಾಯ್ತು?" ಡುವೇನ್ ಕೇಳಿದ.

"ಹೆಸರು ಹಾಕ್ಲಿಲ್ಲ. ಕೆಳಗೆ ಸೀಲು ಒತ್ತಿಬಿಟ್ಟೆ. ನಲವತ್ತೇಳು."

"ನಿಮ್ಮ ತಪಾಸಣೆ ಸೀಲಾ?"

"ಇಪ್ಪತ್ತಾರು ವರ್ಷ ತಪಾಸಣೆ ಮಾಡಿದ ಕೈ ಕಣೋ. ಕಾಗದ ಕಂಡ್ರೆ ತಾನೇ ಒತ್ತುತ್ತೆ."

ವರ್ನಾ ಅವನತ್ತ ತಿರುಗಿದಳು.

"ಈಗಲಾದ್ರೂ ಬ್ರೇಕ್ ಪೈಪು ಪರೀಕ್ಷೆ ಮಾಡ್ತಿದಾರಾ?"

"ಮೆಷಿನ್ ಇನ್ನೂ ಕೆಟ್ಟು ನಿಂತಿದೆ."

"ಮಾಲು ಹೋಗ್ತಾನೇ ಇದೆಯಲ್ಲೋ. ಪಾಸ್ ಅಂತ ಸೀಲು ಒತ್ತೋರು ಯಾರು?"

"ನಾನು."

"ನಿಂಗೆ ಯಾವ ನಂಬರು ಕೊಟ್ರು?"

ಅವನು ತನ್ನ ಬೂಟು ನೋಡಿಕೊಂಡ. "ಹೊಸದು ಮಾಡಿಸ್ಲಿಲ್ಲ, ವರ್ನಾ. ನಿಮ್ಮದನ್ನೇ ಕೊಟ್ರು."

"ಅಂದ್ರೆ ನಾಳೆ ಯಾರಾದ್ರೂ ಸತ್ರೆ, ಪಾಸ್ ಮಾಡಿದ್ದು ನಾನು."

"ಮನೇಲಿ ಎಳೇ ಕೂಸಿದೆ. ಏನ್ ಮಾಡ್ಲಿ ಹೇಳಿ."

ಬಸ್ಸು ಬಂದು ನಿಂತಿತು. ವರ್ನಾ ಅದರ ಚಕ್ರದತ್ತ ಬೆರಳು ತೋರಿದಳು.

"ಇದಕ್ಕಿರೋದೂ ನಮ್ಮ ಪೈಪೇ ಅಲ್ವಾ?"

"ಹೌದು. ಮಾರ್ಚ್‌ನಲ್ಲಿ, ಮೆಷಿನ್ ಕೆಟ್ಟ ಮೇಲೆ ಹಾಕಿದ್ದು."

"ಹಂಗಾದ್ರೆ ನಡ್ಕೊಂಡೇ ಹೋಗೋಣ ಬಾ."

ಇಬ್ಬರೂ ಸಾಲು ಬಿಟ್ಟು ಹೊರಟರು. ಐಲೀನ್‌ಳ ಒಂದು ಕಾಲು ಆಗಲೇ ಮೆಟ್ಟಿಲ ಮೇಲಿತ್ತು. ಹಿಂದಿನವರು ಬೇಗ ಹತ್ತಿ ಎಂದು ಗೊಣಗಿದರು. ಅವಳು ಹತ್ತಿದಳು. ದಿನದಂತೆ ಡ್ರೈವರಿಗೆ ಗುಡ್ ಮಾರ್ನಿಂಗ್ ಹೇಳಿದಳು. ಬೇರೇನೂ ಹೇಳಲಿಲ್ಲ.